ಕೊರೆದ ಹಲ್ಲು ಬೆಳೆಯುವುದಿಲ್ಲ

ಪಾವಗಡ, ಮುಂಡರಗಿ, ಬಾಗೇಪಲ್ಲಿ ಸೀಮೆಯ ಎಷ್ಟೋ ಹಳ್ಳಿಗಳಲ್ಲಿ ಹುಟ್ಟಿ ಬೆಳೆದವರ ಬಾಚಿಹಲ್ಲು ನೋಡಿದರೆ ಸಾಕು, ಅವರು ಚಿಕ್ಕವರಿದ್ದಾಗ ಯಾವ ನೀರು ಕುಡಿದಿದ್ದರು ಎಂಬುದು ತಿಳಿದುಹೋಗುತ್ತದೆ. ಕೆಲವರ ಹಲ್ಲಿನ ಮೇಲೆ ತೆಳುವಾದ ಬಿಳಿ ಅಡ್ಡಗೆರೆ, ಕೆಲವರಿಗೆ ಹಳದಿ ಮಚ್ಚೆ, ಇನ್ನು ಕೆಲವರಿಗೆ ಕಂದು ಬಣ್ಣದ ಪಟ್ಟಿ. ನೆಲದಾಳದ ಗ್ರಾನೈಟ್ ಮತ್ತು ನೈಸ್ ಬಂಡೆಗಳಲ್ಲಿರುವ ಫ್ಲೋರೈಡ್ ಕರಗಿ ಕೊಳವೆಬಾವಿಯ ನೀರಿಗೆ ಸೇರಿ, ಆ ನೀರೇ ಮಕ್ಕಳ ಹೊಟ್ಟೆ ಸೇರಿದ್ದರ ಗುರುತು ಅದು. ಕೋಲಾರ, ರಾಯಚೂರು, ಕೊಪ್ಪಳ ಜಿಲ್ಲೆಗಳಲ್ಲೂ ಇದೇ ಕತೆ. ಒಂದು ಲೀಟರ್ ಕುಡಿಯುವ ನೀರಿನಲ್ಲಿ 1.5 ಮಿಲಿಗ್ರಾಂಗಿಂತ ಹೆಚ್ಚು ಫ್ಲೋರೈಡ್ ಇರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಈ ಸೀಮೆಯ ಅನೇಕ ಬೋರ್‌ವೆಲ್‌ಗಳ ನೀರು ಆ ಗೆರೆ ದಾಟಿ ಎಷ್ಟೋ ವರ್ಷಗಳಾಗಿವೆ.

ಇಂಥ ಹಲ್ಲಿನಲ್ಲಿ ಸಾಮಾನ್ಯವಾಗಿ ನೋವಿರುವುದಿಲ್ಲ. ರೊಟ್ಟಿ ಕಡಿಯಲು, ಕಬ್ಬು ಸಿಗಿಯಲು ತೊಂದರೆಯಿಲ್ಲ. ಆದರೆ ನಗು ಬಂದರೆ ಕೈ ತಾನಾಗಿ ಬಾಯಿಗೆ ಅಡ್ಡ ಹೋಗುತ್ತದೆ. ಹೆಣ್ಣು ನೋಡಲು ಬರುತ್ತಾರೆಂದರೆ, ಕೆಲಸದ ಸಂದರ್ಶನ ಇದೆಯೆಂದರೆ, ಮನೆಯಲ್ಲಿ ಹಲ್ಲಿನ ಮಾತು ಬರುತ್ತದೆ. ಇದನ್ನು ಬರೀ ಚಂದದ ಗೀಳು ಎಂದು ತಳ್ಳಿಹಾಕುವವರ ಜೊತೆ ನನಗೆ ಜಗಳವಿದೆ. ಇಪ್ಪತ್ತು ವರ್ಷದ ಹುಡುಗಿಯೊಬ್ಬಳು ಬಾಯಿ ಮುಚ್ಚಿಕೊಂಡೇ ನಗುವುದು ಸಣ್ಣ ಕಷ್ಟವಲ್ಲ. ಅವಳ ಹಲ್ಲು ಸರಿಮಾಡಬೇಕು, ಅನುಮಾನವೇ ಬೇಡ. ಹೇಗೆ ಸರಿಮಾಡಬೇಕು ಎಂಬುದಷ್ಟೇ ಇಲ್ಲಿನ ಪ್ರಶ್ನೆ.

ಕ್ಲಿನಿಕ್ಕಿನಲ್ಲಿ ಅವಳ ಮುಂದೆ ಎರಡು ದಾರಿಗಳಿರುತ್ತವೆ. ಒಂದು, ಕ್ಯಾಪ್. ಮುಂದಿನ ಆರೋ ಎಂಟೋ ಹಲ್ಲುಗಳನ್ನು ಸುತ್ತಲೂ ಕೊರೆದು, ಅಳತೆ ತೆಗೆದು ಲ್ಯಾಬಿಗೆ ಕಳಿಸಿ, ವಾರ ಹತ್ತು ದಿನದೊಳಗೆ ಬಿಳಿ ಸೆರಾಮಿಕ್ ಕ್ಯಾಪ್ ಕೂರಿಸಿ ಸಿಮೆಂಟ್ ಹಾಕುವುದು. ಕನ್ನಡಿ ನೋಡಿದ ದಿನ ಎಲ್ಲರಿಗೂ ಖುಷಿ. ಇನ್ನೊಂದು ದಾರಿಯಲ್ಲಿ ಡ್ರಿಲ್ ಬಹುಮಟ್ಟಿಗೆ ಗೂಡಿನಲ್ಲೇ ಉಳಿಯುತ್ತದೆ. ಕಲೆ ಎಲ್ಲಿದೆ, ಎಷ್ಟು ಆಳದಲ್ಲಿದೆ ಎಂದು ನೋಡಿ, ಅಷ್ಟಕ್ಕೆ ಬೇಕಾದಷ್ಟನ್ನೇ ಹಂತಹಂತವಾಗಿ ಮಾಡುವುದು. ಇದಕ್ಕೆ ವಾರಗಳು ಹಿಡಿಯಬಹುದು. ಆರೋಗ್ಯವಾಗಿರುವ ಹಲ್ಲನ್ನು ಚಂದಕ್ಕಾಗಿ ಮುಟ್ಟುವಾಗ ಈ ಎರಡನೆಯ ದಾರಿಯಿಂದಲೇ ಶುರುಮಾಡಬೇಕು ಎಂಬುದು ನನ್ನ ವಾದ. ಅದಕ್ಕೆ ಕಾರಣಗಳು ಹಲ್ಲಿನ ರಚನೆಯಲ್ಲೇ ಇವೆ.

ಹಲ್ಲಿನ ಹೊರಪದರ ಎನಾಮಲ್. ನಮ್ಮ ಮೈಯಲ್ಲಿ ಅದಕ್ಕಿಂತ ಗಟ್ಟಿಯಾದದ್ದು ಬೇರೆ ಇಲ್ಲ. ತೂಕದಲ್ಲಿ ಸುಮಾರು ನೂರಕ್ಕೆ 96 ಪಾಲು ಖನಿಜ. ಇದನ್ನು ಕಟ್ಟುವ ಜೀವಕೋಶಗಳು ಹಲ್ಲು ಇನ್ನೂ ದವಡೆಯ ಒಳಗಿರುವಾಗಲೇ ತಮ್ಮ ಕೆಲಸ ಮುಗಿಸುತ್ತವೆ. ಹಲ್ಲು ಒಸಡು ಸೀಳಿಕೊಂಡು ಹೊರಬರುವ ಹೊತ್ತಿಗೆ ಅವು ಇಲ್ಲವಾಗುತ್ತವೆ. ಮುರಿದ ಮೂಳೆ ಕೂಡಿಕೊಳ್ಳುತ್ತದೆ, ಗಾಯವಾದ ಚರ್ಮ ಮಾಯುತ್ತದೆ. ಎನಾಮಲ್ ಮಾತ್ರ ಹೋದರೆ ಹೋಯಿತು, ಅದನ್ನು ಮತ್ತೆ ಕಟ್ಟಲು ದೇಹದಲ್ಲಿ ಯಾರೂ ಉಳಿದಿರುವುದಿಲ್ಲ. ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ, ಫಾಸ್ಫೇಟ್‌ಗಳು ಆಗತಾನೇ ಶುರುವಾದ ಸವೆತವನ್ನು ಅಷ್ಟಿಷ್ಟು ತುಂಬಿಕೊಡಬಲ್ಲವು. ಆದರೆ ಕೊರೆದು ತೆಗೆದ ಒಂದು ಮಿಲಿಮೀಟರನ್ನು ಅವು ಮರಳಿ ತರಲಾರವು.

ಆ ಒಂದು ಮಿಲಿಮೀಟರೇ ಹೆಚ್ಚುಕಡಿಮೆ ಇರುವುದೆಲ್ಲ. ಮೇಲಿನ ಬಾಚಿಹಲ್ಲಿನ ಮುಂಭಾಗದಲ್ಲಿ, ಕಚ್ಚುವ ಅಂಚಿನ ಹತ್ತಿರ ಎನಾಮಲ್ ಸುಮಾರು ಒಂದು ಮಿಲಿಮೀಟರ್ ದಪ್ಪ ಇರುತ್ತದೆ. ಒಸಡಿನತ್ತ ಬರುತ್ತಾ ತೆಳುವಾಗಿ, ಮೂರರಿಂದ ಐದು ಹತ್ತಾಂಶಕ್ಕೆ ಇಳಿಯುತ್ತದೆ. ಅದರ ಕೆಳಗೆ ಡೆಂಟೀನ್. ತುಸು ಹಳದಿ, ಎನಾಮಲ್‌ಗಿಂತ ಮೆತ್ತಗೆ, ಉದ್ದಕ್ಕೂ ಕಣ್ಣಿಗೆ ಕಾಣದ ಕೊಳವೆಗಳು. ಒಂದು ಚದರ ಮಿಲಿಮೀಟರ್ ಜಾಗದಲ್ಲಿ ಅಂಥ ಹತ್ತಾರು ಸಾವಿರ ಕೊಳವೆಗಳಿರುತ್ತವೆ, ಹಲ್ಲಿನ ನಡುವಿನ ಮೆತ್ತನೆಯ ತಿರುಳಿನ ಹತ್ತಿರ ಹೋದಷ್ಟೂ ಇನ್ನಷ್ಟು ಒತ್ತಾಗುತ್ತವೆ. ಅವುಗಳಲ್ಲಿ ದ್ರವ ತುಂಬಿರುತ್ತದೆ. ತಣ್ಣನೆಯ ನೀರು ತಾಗಿದಾಗ ಹಲ್ಲು ಜುಮ್ಮೆನ್ನುವುದು ಆ ದ್ರವ ಅಲುಗಾಡಿ ತಿರುಳಿನ ನರವನ್ನು ಕೆಣಕುವುದರಿಂದ. ಎನಾಮಲ್ ಇರುವವರೆಗೆ ಈ ಕೊಳವೆಗಳ ಬಾಯಿ ಮುಚ್ಚಿರುತ್ತದೆ.

ಈಗ ಕಲೆಯ ವಿಷಯಕ್ಕೆ ಬರೋಣ. ಮೇಲಿನ ನಡುವಿನ ಎರಡು ಬಾಚಿಹಲ್ಲುಗಳ ಎನಾಮಲ್ ಮಗುವಿಗೆ ಮೂರು ನಾಲ್ಕು ತಿಂಗಳಾದಾಗ ಗಟ್ಟಿಗೊಳ್ಳಲು ಶುರುವಾಗಿ, ನಾಲ್ಕೈದು ವರ್ಷಕ್ಕೆ ಮುಗಿಯುತ್ತದೆ. ಆ ಹಲ್ಲು ಬಾಯಿಗೆ ಬರುವುದು ಏಳು ಎಂಟನೇ ವಯಸ್ಸಿನಲ್ಲಿ. ಎನಾಮಲ್ ಕಟ್ಟುವಾಗ ಮೊದಲು ಪ್ರೋಟೀನಿನ ಹಂದರ ಏಳುತ್ತದೆ, ಆಮೇಲೆ ಆ ಪ್ರೋಟೀನು ತೆರವಾಗಿ ಅದರ ಜಾಗದಲ್ಲಿ ಖನಿಜ ತುಂಬಿಕೊಳ್ಳುತ್ತದೆ. ಫ್ಲೋರೈಡ್ ಹೆಚ್ಚಾದರೆ ಪ್ರೋಟೀನು ತೆರವಾಗುವುದು ತಡವಾಗುತ್ತದೆ, ಖನಿಜ ಪೂರ್ತಿ ತುಂಬುವುದಿಲ್ಲ. ಹೊರಗಿನ ತೆಳುಪದರ ಗಟ್ಟಿಯಾಗಿಯೇ ಇರುತ್ತದೆ. ಅದರ ಅಡಿಯಲ್ಲಿ ಮಾತ್ರ ಸೂಕ್ಷ್ಮ ರಂಧ್ರಗಳು ಉಳಿದುಬಿಡುತ್ತವೆ. ಬಿಳಿ ಮಚ್ಚೆ ಎಂದರೆ ಈ ರಂಧ್ರಗಳೇ. ಹಲ್ಲು ಬಾಯಿಗೆ ಬಂದ ಮೇಲೆ ಊಟ ನೀರಿನಲ್ಲಿರುವ ಬಣ್ಣ ಅದರೊಳಗೆ ಇಳಿದರೆ ಕಂದಾಗುತ್ತದೆ. ಹಾಗಾಗಿ ಹತ್ತನೇ ವಯಸ್ಸಿನಲ್ಲಿ ಪಾವಗಡಕ್ಕೆ ಬಂದು ನೆಲೆಸಿದ ಹುಡುಗನ ಬಾಚಿಹಲ್ಲಿಗೆ ಈ ಕಲೆ ಬರುವುದಿಲ್ಲ. ಅಲ್ಲೇ ಹುಟ್ಟಿ, ಆರನೇ ವಯಸ್ಸಿಗೆ ಬೆಂಗಳೂರಿಗೆ ಹೋದವನಿಗೆ ಬರುತ್ತದೆ.

ಬರೀ ರಂಧ್ರ ಏಕೆ ಬೆಳ್ಳಗೆ ಕಾಣಬೇಕು? ಬಜ್ಜಿ ಕಟ್ಟಿಕೊಟ್ಟ ಕಾಗದವನ್ನು ನೆನೆಸಿಕೊಳ್ಳಿ. ಎಣ್ಣೆ ತಾಗಿದ ಕಡೆ ಕಾಗದ ಪಾರದರ್ಶಕವಾಗಿರುತ್ತದೆ, ಉಳಿದ ಕಡೆ ಬೆಳ್ಳಗಿರುತ್ತದೆ. ಕಾಗದದ ನಾರುಗಳ ನಡುವೆ ಗಾಳಿ ಇದೆ. ನಾರಿನಿಂದ ಗಾಳಿಗೆ, ಗಾಳಿಯಿಂದ ನಾರಿಗೆ ದಾಟುವಾಗೆಲ್ಲ ಬೆಳಕು ಬಾಗಿ ಚದುರುತ್ತದೆ. ಚದುರಿದ ಬೆಳಕು ನಮಗೆ ಬಿಳಿಯಾಗಿ ಕಾಣುತ್ತದೆ. ಗಾಳಿಯ ಜಾಗಕ್ಕೆ ಎಣ್ಣೆ ಸೇರಿದರೆ ಬೆಳಕು ಬಾಗುವುದು ಕಡಿಮೆಯಾಗುತ್ತದೆ, ನೇರ ದಾಟಿಹೋಗುತ್ತದೆ. ಹಲ್ಲಿನಲ್ಲಿ ನಡೆಯುವುದೂ ಇದೇ. ಎನಾಮಲ್‌ನ ವಕ್ರೀಭವನ ಸೂಚ್ಯಂಕ 1.62, ನೀರಿನದು 1.33, ಗಾಳಿಯದು 1. ರಂಧ್ರದಲ್ಲಿ ನೀರಿದ್ದಾಗ ಮಚ್ಚೆ ಸ್ವಲ್ಪ ಕಾಣುತ್ತದೆ, ಒಣಗಿದಾಗ ಎದ್ದು ಕಾಣುತ್ತದೆ. ಬಾಯಿ ತೆರೆದುಕೊಂಡು ಮಲಗುವವರಿಗೆ ಬೆಳಗ್ಗೆ ಕನ್ನಡಿಯಲ್ಲಿ ಮಚ್ಚೆ ಹೆಚ್ಚಾದಂತೆ ಅನ್ನಿಸುವುದು ಸುಳ್ಳಲ್ಲ. ಆ ರಂಧ್ರಗಳಿಗೆ ಎನಾಮಲ್‌ಗೆ ಹತ್ತಿರದ ಸೂಚ್ಯಂಕದ ಏನನ್ನಾದರೂ ತುಂಬಿದರೆ? ಈ ಪ್ರಶ್ನೆಗೆ ಮುಂದೆ ಉತ್ತರ ಬರುತ್ತದೆ. ಅದಕ್ಕೆ ಮೊದಲು, ದಂತವೈದ್ಯರಿಗೆ ಇಷ್ಟು ಕೊರೆಯುವ ಅಭ್ಯಾಸ ಎಲ್ಲಿಂದ ಬಂತು ಎಂಬುದನ್ನು ನೋಡಬೇಕು.

1901ರಲ್ಲಿ ಫ್ರೆಡೆರಿಕ್ ಮೆಕೇ ಎಂಬ ತರುಣ ದಂತವೈದ್ಯ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್‌ಗೆ ಬಂದು ಕ್ಲಿನಿಕ್ ತೆರೆದ. ಅಲ್ಲಿ ಹುಟ್ಟಿ ಬೆಳೆದವರ ಹಲ್ಲುಗಳ ಮೇಲೆಲ್ಲ ಕಂದು ಕಲೆ. ಕಾರಣ ಯಾರಿಗೂ ಗೊತ್ತಿರಲಿಲ್ಲ. ಅವನ ಒತ್ತಾಯಕ್ಕೆ ಆ ಕಾಲದ ಅತಿ ದೊಡ್ಡ ದಂತವಿಜ್ಞಾನಿ ಜಿ. ವಿ. ಬ್ಲ್ಯಾಕ್ 1909ರಲ್ಲಿ ಅಲ್ಲಿಗೆ ಬಂದರು. ಕಲೆಯಾದ ಹಲ್ಲಿಗೆ ಹುಳುಕು ಹಿಡಿಯುವುದು ಕಡಿಮೆ ಎಂಬುದನ್ನು ಇಬ್ಬರೂ ಗಮನಿಸಿದರು. ಕಲೆಗೆ ಕಾರಣ ನೀರಿನ ಫ್ಲೋರೈಡ್ ಎಂದು ಅಲ್ಯೂಮಿನಿಯಂ ಕಂಪನಿಯೊಂದರ ರಸಾಯನ ವಿಜ್ಞಾನಿ ಎಚ್. ವಿ. ಚರ್ಚಿಲ್ ಕಂಡುಹಿಡಿದದ್ದು 1931ರಲ್ಲಿ. ಬ್ಲ್ಯಾಕ್ ಅಷ್ಟು ಹೊತ್ತಿಗೆ ತೀರಿಕೊಂಡಿದ್ದರು.

ಇದೇ ಬ್ಲ್ಯಾಕ್ ಹುಳುಕು ಹಲ್ಲಿನ ಚಿಕಿತ್ಸೆಗೆ ಕೊಟ್ಟ ಸೂತ್ರ, ಮುಂದೆ ಹುಳುಕು ಬಾರದಿರಲು ಸುತ್ತಲಿನ ಒಳ್ಳೆಯ ಭಾಗವನ್ನೂ ಸೇರಿಸಿ ಕೊರೆಯಬೇಕು ಎಂಬುದು. ಅವರ ಕಾಲಕ್ಕೆ ಅದು ಸರಿಯಾಗಿಯೇ ಇತ್ತು. ಆಗ ಹುಳುಕಿನ ಗುಳಿಗೆ ತುಂಬುತ್ತಿದ್ದ ಬೆಳ್ಳಿ ಅಮಾಲ್ಗಮ್ ಹಲ್ಲಿಗೆ ಅಂಟುವುದಿಲ್ಲ. ಅದು ಕೂರಬೇಕಾದರೆ ಒಳಗೆ ಅಗಲವಾದ, ಬಾಯಿ ಕಿರಿದಾದ ಗುಳಿ ತೋಡಲೇಬೇಕು. ಕ್ಯಾಪ್‌ನದೂ ಅದೇ ಲೆಕ್ಕ. ಹಲ್ಲನ್ನು ಹಿಡಿತಕ್ಕೆ ಬೇಕಾದ ಆಕಾರಕ್ಕೆ ಸುತ್ತಲೂ ಕೆತ್ತಿದರೆ ಮಾತ್ರ ಅದು ನಿಲ್ಲುತ್ತದೆ. ಅಂಟು ಇಲ್ಲದ ಕಾಲದಲ್ಲಿ ಹಲ್ಲನ್ನು ಕೊರೆಯದೆ ಬೇರೆ ಉಪಾಯವಿರಲಿಲ್ಲ.

ಅಂಟು ಬಂದದ್ದು 1955ರಲ್ಲಿ. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ಮೈಕೆಲ್ ಬ್ಯೂನೊಕೋರ್ ಎಂಬ ಸಂಶೋಧಕ, ಲೋಹಕ್ಕೆ ಬಣ್ಣ ಚೆನ್ನಾಗಿ ಹಿಡಿಯಲು ಮೊದಲು ಫಾಸ್ಫಾರಿಕ್ ಆಮ್ಲ ಸವರುವ ಕೈಗಾರಿಕೆಯ ರೂಢಿಯನ್ನು ಹಲ್ಲಿಗೆ ತಂದರು. ಶೇ. 85ರ ಆಮ್ಲವನ್ನು ಮೂವತ್ತು ಸೆಕೆಂಡು ಎನಾಮಲ್‌ಗೆ ತಾಗಿಸಿ ತೊಳೆದಾಗ, ಕಣ್ಣಿಗೆ ಕಾಣದಷ್ಟು ಸಣ್ಣ ಕಚ್ಚುಗಳು ಮೂಡಿದವು. ಅದರ ಮೇಲೆ ಹಾಕಿದ ರಾಳ ಆ ಕಚ್ಚುಗಳಿಗೆ ಇಳಿದು, ಗಟ್ಟಿಯಾಗಿ, ಬಿಡದೆ ಹಿಡಿದುಕೊಂಡಿತು. 1962ರಲ್ಲಿ ರಾಫೆಲ್ ಬೋವೆನ್ ಹೊಸ ಬಗೆಯ ರಾಳಕ್ಕೆ ಪೇಟೆಂಟ್ ಪಡೆದರು. ಇಂದು ನಾವು ಹಲ್ಲಿನ ಬಣ್ಣದ ಸಿಮೆಂಟ್ ಎಂದು ಕರೆಯುವ ಕಾಂಪೊಸಿಟ್ ಹುಟ್ಟಿದ್ದು ಅದರಿಂದ. ಈಗ ಆಮ್ಲದ ಸಾಂದ್ರತೆ ಶೇ. 37ರ ಆಸುಪಾಸಿಗೆ ಇಳಿದಿದೆ, ತತ್ವ ಅದೇ.

ಇಲ್ಲೊಂದು ಮುಖ್ಯವಾದ ಸಂಗತಿಯಿದೆ. ಈ ಅಂಟು ಅತಿ ಚೆನ್ನಾಗಿ ಹಿಡಿಯುವುದು ಎನಾಮಲ್‌ಗೆ. ಒದ್ದೆಯಾದ, ಕೊಳವೆಗಳಿಂದ ಕೂಡಿದ ಡೆಂಟೀನಿನ ಮೇಲೆ ಹಿಡಿತ ಅಷ್ಟು ನೆಚ್ಚಿಕೆಯದಲ್ಲ, ವರ್ಷ ಕಳೆದಂತೆ ಸಡಿಲವಾಗುತ್ತದೆ. ಎಂದರೆ ಎನಾಮಲ್ ಕೊರೆದು ಹಾಕಿದವನು ಮುಂದಿನ ಚಿಕಿತ್ಸೆಗೆ ಬೇಕಾದ ನೆಲವನ್ನೇ ಕಳೆದುಕೊಂಡಿರುತ್ತಾನೆ.

ಹಾಗಾದರೆ ಕ್ಯಾಪ್‌ಗೆ ಎಷ್ಟು ಹೋಗುತ್ತದೆ? ಸೆರಾಮಿಕ್ ಕ್ಯಾಪ್ ಗಟ್ಟಿಯಾಗಿಯೂ ಇರಬೇಕು, ಉಬ್ಬಿ ಕಾಣಲೂಬಾರದು. ಅದಕ್ಕಾಗಿ ಹಲ್ಲಿನ ಮುಂಭಾಗದಿಂದ ಒಂದರಿಂದ ಒಂದೂವರೆ ಮಿಲಿಮೀಟರ್, ಅಂಚಿನಿಂದ ಒಂದೂವರೆಯಿಂದ ಎರಡು ಮಿಲಿಮೀಟರ್, ಹಿಂದೆ, ಪಕ್ಕಗಳಲ್ಲಿ ಮತ್ತಷ್ಟು ತೆಗೆಯಬೇಕಾಗುತ್ತದೆ. ಎನಾಮಲ್ ಇರುವುದೇ ಹೆಚ್ಚೆಂದರೆ ಒಂದು ಮಿಲಿಮೀಟರ್ ಎಂದು ಆಗಲೇ ನೋಡಿದೆವು. 2002ರಲ್ಲಿ ಎಡೆಲ್‌ಹಾಫ್ ಮತ್ತು ಸೊರೆನ್ಸನ್ ಎಂಬ ಸಂಶೋಧಕರು ಮುಂಭಾಗದ ಹಲ್ಲುಗಳ ಮಾದರಿಗಳನ್ನು ಬೇರೆ ಬೇರೆ ವಿನ್ಯಾಸಕ್ಕೆ ಕೊರೆದು, ಮೊದಲೂ ಆಮೇಲೂ ತೂಗಿ ನೋಡಿದರು. ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳುವಾದ ಹೊದಿಕೆಗಳಿಗೆ, ಅಂದರೆ ವೆನಿಯರ್‌ಗಳಿಗೆ ಹೋದದ್ದು ವಿನ್ಯಾಸಕ್ಕೆ ತಕ್ಕಂತೆ ಶೇ. 3ರಿಂದ 30. ಪೂರ್ತಿ ಕ್ಯಾಪ್‌ಗೆ ಶೇ. 63ರಿಂದ 72. ಹೊರಗೆ ಕಾಣುವ ಹಲ್ಲಿನ ಮೂರನೇ ಎರಡು ಪಾಲು! ಕ್ಯಾಪ್ ಕೂರಿಸುವ ಮುನ್ನ ಬಾಯಲ್ಲಿ ಉಳಿದಿರುವುದು ಕಿರಿದಾದ, ಹಳದಿ ಗೂಟ. ಕ್ಯಾಪ್ ಹಾಕಿಸಿಕೊಂಡ ಎಷ್ಟೋ ಮಂದಿ ಅದನ್ನು ಕಣ್ಣಾರೆ ನೋಡಿಯೇ ಇರುವುದಿಲ್ಲ. ಅಷ್ಟು ಹೊತ್ತಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟಾಗಿರುತ್ತದೆ, ಕನ್ನಡಿ ಕೈಗೆ ಬರುವುದು ಕೆಲಸ ಮುಗಿದ ಮೇಲೆ.

ಆ ಗೂಟದ ಮೈತುಂಬ ಡೆಂಟೀನ್ ಕೊಳವೆಗಳು ಬಾಯಿ ತೆರೆದುಕೊಂಡಿರುತ್ತವೆ. ನಿಮಿಷಕ್ಕೆ ಮೂರು ನಾಲ್ಕು ಲಕ್ಷ ಸುತ್ತು ತಿರುಗುವ ಡ್ರಿಲ್ಲಿನ ಶಾಖವೂ ಸಣ್ಣದಲ್ಲ. 1965ರಲ್ಲಿ ಜಾಕ್ ಮತ್ತು ಕೋಹೆನ್ ಕೋತಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ತಿರುಳಿನ ಉಷ್ಣತೆ ಬರೀ 5.5 ಡಿಗ್ರಿ ಸೆಲ್ಸಿಯಸ್ ಏರಿದಾಗ ಶೇ. 15ರಷ್ಟು ಹಲ್ಲುಗಳ ತಿರುಳು ಚೇತರಿಸಿಕೊಳ್ಳಲಿಲ್ಲ. ಡ್ರಿಲ್ಲಿನ ಜೊತೆಗೆ ನೀರು ಚಿಮ್ಮುವುದು ಅದಕ್ಕಾಗಿಯೇ. ನೀರು ಹಾಯಿಸುತ್ತಾ ಜಾಗ್ರತೆಯಾಗಿ ಮಾಡಿದರೂ ಕ್ಯಾಪ್ ಹಾಕಿದ ಹಲ್ಲುಗಳಲ್ಲಿ ಕೆಲವಕ್ಕೆ ವರ್ಷಗಳ ನಂತರ ತಿರುಳು ಸತ್ತು ರೂಟ್ ಕೆನಾಲ್ ಮಾಡಬೇಕಾಗುತ್ತದೆ. ಹುಳುಕು ಕೂಡ ಇರದಿದ್ದ ಹಲ್ಲಿಗೆ ರೂಟ್ ಕೆನಾಲ್!

ಇನ್ನು ವಯಸ್ಸಿನ ಲೆಕ್ಕ. ಕ್ಯಾಪ್ ಹತ್ತು ಹದಿನೈದು ವರ್ಷ ಬಾಳಿದರೆ ಚೆನ್ನಾಗಿ ಬಾಳಿತು ಎನ್ನಬೇಕು. ಇಪ್ಪತ್ತೆರಡಕ್ಕೆ ಹಾಕಿಸಿಕೊಂಡವಳು ಎಪ್ಪತ್ತರ ಹೊತ್ತಿಗೆ ಮೂರು ನಾಲ್ಕು ಸಲ ಬದಲಿಸಬೇಕು. ಪ್ರತಿ ಸಲ ಹಳೆಯದನ್ನು ಕೊಯ್ದು ತೆಗೆಯುವಾಗ ಹಲ್ಲು ಇನ್ನಷ್ಟು ಸವೆಯುತ್ತದೆ. ಕೊನೆಗೆ ಕ್ಯಾಪ್ ನಿಲ್ಲಿಸಲು ಹಲ್ಲೇ ಇಲ್ಲದಂತಾಗಿ ಕೀಳಿಸುವುದು, ಇಂಪ್ಲಾಂಟ್. ಈ ಇಳಿಜಾರಿನ ಮೊದಲ ಹೆಜ್ಜೆಯನ್ನು ಮದುವೆಯ ಫೋಟೊಗಾಗಿ ಇಡಿಸುವುದು ಸರಿಯಲ್ಲ.

ಈಗ ಇನ್ನೊಂದು ದಾರಿ. ಕಂದು ಕಲೆಗೆ ಮೊದಲು ಬ್ಲೀಚಿಂಗ್. 1989ರಲ್ಲಿ ಅಮೆರಿಕದ ಹೇವುಡ್ ಮತ್ತು ಹೈಮನ್ ಪ್ರಕಟಿಸಿದ ವಿಧಾನ ಇಂದಿಗೂ ಇದರ ಬುನಾದಿ. ಹಲ್ಲಿನ ಅಚ್ಚು ತೆಗೆದು ತೆಳು ಪ್ಲಾಸ್ಟಿಕ್ ಟ್ರೇ ಮಾಡಿ, ಅದರಲ್ಲಿ ಶೇ. 10ರ ಕಾರ್ಬಮೈಡ್ ಪೆರಾಕ್ಸೈಡ್ ಜೆಲ್ ಹಾಕಿಕೊಂಡು ರಾತ್ರಿ ಮಲಗುವುದು. ಅದರಿಂದ ಬಿಡುಗಡೆಯಾಗುವ ಹೈಡ್ರೋಜನ್ ಪೆರಾಕ್ಸೈಡ್ ಎನಾಮಲ್ ಒಳಗಿಳಿದು ಬಣ್ಣದ ಅಣುಗಳನ್ನು ಒಡೆಯುತ್ತದೆ. ಫ್ಲೋರೈಡ್ ಕಲೆಗೆ ಹಲವು ವಾರ ಹಿಡಿಯುತ್ತದೆ. ನಡುವೆ ಹಲ್ಲು ಸ್ವಲ್ಪ ಜುಮ್ಮೆನ್ನಬಹುದು, ನಿಲ್ಲಿಸಿದರೆ ಸರಿಹೋಗುತ್ತದೆ. ಇದರಲ್ಲಿ ಹಲ್ಲನ್ನು ಒಂದಿಷ್ಟೂ ಕೊರೆಯುವುದಿಲ್ಲ.

ಕಂದು ಹೋಗದಿದ್ದರೆ ಮೈಕ್ರೋಅಬ್ರೇಷನ್. ಹೈಡ್ರೋಕ್ಲೋರಿಕ್ ಆಮ್ಲದ ಜೊತೆ ನುಣ್ಣನೆಯ ಪ್ಯೂಮಿಸ್ ಪುಡಿಯಂಥದ್ದನ್ನು ಸೇರಿಸಿ, ರಬ್ಬರ್ ಹಾಳೆಯಿಂದ ಒಸಡು ಮುಚ್ಚಿ, ಕಲೆಯ ಮೇಲೆ ಮಾತ್ರ ಉಜ್ಜುವುದು. ಕೊಲರಾಡೊ ಸ್ಪ್ರಿಂಗ್ಸ್‌ನಲ್ಲೇ ವಾಲ್ಟರ್ ಕೇನ್ ಎಂಬ ವೈದ್ಯ 1916ರ ಸುಮಾರಿಗೆ ಆಮ್ಲದಿಂದ ಕಲೆ ತೆಗೆದಿದ್ದ. ಅದನ್ನು ಅಳತೆಗೆ ಸಿಗುವ ಸುರಕ್ಷಿತ ವಿಧಾನವಾಗಿ ಮಾಡಿದ್ದು 1980ರ ದಶಕದಲ್ಲಿ ಥಿಯೋಡರ್ ಕ್ರೋಲ್. ಇದರಲ್ಲಿ ಹೋಗುವುದು ಮಿಲಿಮೀಟರಿನ ಒಂದೆರಡು ಹತ್ತಾಂಶದೊಳಗೆ. ಮನೆಯಲ್ಲಿ ಇಟ್ಟಿಗೆ ಪುಡಿ, ಬೂದಿ, ನಿಂಬೆರಸ ಹಾಕಿ ಉಜ್ಜುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಅವು ಕಲೆಯ ಜೊತೆ ಇಡೀ ಎನಾಮಲ್ಲನ್ನೇ ಸವೆಸುತ್ತವೆ, ದಯವಿಟ್ಟು ಮಾಡಬೇಡಿ.

ಬಿಳಿ ಮಚ್ಚೆಗೆ ಬ್ಲೀಚಿಂಗ್ ಸಾಲದು, ಕೆಲವೊಮ್ಮೆ ಅದರಿಂದ ಮಚ್ಚೆ ಇನ್ನೂ ಎದ್ದು ಕಾಣುತ್ತದೆ. ಮೊದಲು ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ. ಜರ್ಮನಿಯ ಸಂಶೋಧಕರು ಬೆಳೆಸಿದ ರಾಳ ತುಂಬುವ ವಿಧಾನ 2009ರಿಂದ ಬಳಕೆಯಲ್ಲಿದೆ. ಹಲ್ಲಿನ ಹೊರಪದರ ಗಟ್ಟಿಯಾಗಿರುವುದರಿಂದ ಮೊದಲು ಶೇ. 15ರ ಹೈಡ್ರೋಕ್ಲೋರಿಕ್ ಆಮ್ಲದ ಜೆಲ್ಲನ್ನು ಎರಡು ನಿಮಿಷ ಹಚ್ಚಿ ಬಾಗಿಲು ತೆರೆಯುತ್ತಾರೆ. ತೊಳೆದು, ಗಾಳಿ ಹಾಯಿಸಿ, ಆಲ್ಕೊಹಾಲ್ ಸವರುತ್ತಾರೆ. ನೀರನ್ನು ಹೊರದಬ್ಬುವುದು ಅದರ ಕೆಲಸ, ಆದರೆ ಇನ್ನೂ ಒಂದು ಉಪಯೋಗವಿದೆ. ಆಲ್ಕೊಹಾಲ್ ರಂಧ್ರಕ್ಕಿಳಿದ ಕ್ಷಣ ಮಚ್ಚೆ ಮಂಕಾದರೆ, ರಾಳ ಹಾಕಿದಾಗಲೂ ಮಂಕಾಗುತ್ತದೆ ಎಂದು ಗೊತ್ತಾಗುತ್ತದೆ. ಮಂಕಾಗದಿದ್ದರೆ ಮತ್ತೊಮ್ಮೆ ಆಮ್ಲ. ಚಿಕಿತ್ಸೆಯ ಫಲವನ್ನು ಚಿಕಿತ್ಸೆಗೆ ಮುಂಚೆಯೇ ಹಲ್ಲಿನ ಮೇಲೆ ತೋರಿಸಬಲ್ಲ ಇಂಥ ಉಪಾಯ ಬೇರೊಂದು ನನಗೆ ಗೊತ್ತಿಲ್ಲ. ಆಮೇಲೆ ನೀರಿನಷ್ಟು ತೆಳ್ಳಗಿನ ರಾಳ. ಮೂರು ನಿಮಿಷ ಅದು ತಾನಾಗಿ ರಂಧ್ರಗಳೊಳಗೆ ಇಳಿಯುತ್ತದೆ, ನೀಲಿ ಬೆಳಕು ಬಿಟ್ಟಾಗ ಗಟ್ಟಿಯಾಗುತ್ತದೆ. ಅದರ ಸೂಚ್ಯಂಕ ಸುಮಾರು 1.5, ಎನಾಮಲ್‌ನ 1.62ಕ್ಕೆ ಹತ್ತಿರ. ಬೆಳಕು ಚದುರುವುದು ಬಹುಮಟ್ಟಿಗೆ ನಿಲ್ಲುತ್ತದೆ, ಮಚ್ಚೆ ಸುತ್ತಲಿನ ಹಲ್ಲಿನ ಬಣ್ಣದಲ್ಲಿ ಬೆರೆತುಹೋಗುತ್ತದೆ. ಬಿಳಿ ಬಣ್ಣ ಬಳಿದದ್ದಲ್ಲ, ಹಲ್ಲಿನ ಸ್ವಂತ ಬಣ್ಣ ಮರಳಿ ಕಂಡದ್ದು.

ಅದೂ ಸಾಲದಿದ್ದರೆ ಕಾಂಪೊಸಿಟ್. ಅದು ವರ್ಷಗಳಲ್ಲಿ ಬಣ್ಣಗೆಡುತ್ತದೆ, ಅಂಚು ಚಕ್ಕೆ ಏಳುತ್ತದೆ, ನಿಜ. ಆದರೆ ಚಕ್ಕೆ ಎದ್ದ ಕಡೆ ಮಾತ್ರ ರಿಪೇರಿ ಮಾಡಬಹುದು, ಕೆಳಗಿನ ಹಲ್ಲು ಹಾಗೇ ಇರುತ್ತದೆ.

ಕೊರೆಯಲೇಬಾರದು ಎಂದು ನಾನು ಹೇಳುತ್ತಿಲ್ಲ. ಫ್ಲೋರೋಸಿಸ್, ಅಂದರೆ ಈ ಫ್ಲೋರೈಡ್ ಕಲೆಯ ತೀವ್ರತೆಯನ್ನು ಅಳೆಯಲು ಥೈಲ್‌ಸ್ಟ್ರಪ್ ಮತ್ತು ಫೆಯೆರ್‌ಸ್ಕೊವ್ 1978ರಲ್ಲಿ ಸೊನ್ನೆಯಿಂದ ಒಂಬತ್ತರವರೆಗಿನ ಮಾಪನ ಕೊಟ್ಟರು. ನಾಲ್ಕರವರೆಗೆ ಬಣ್ಣದ ತೊಂದರೆ. ಐದರಿಂದ ಎನಾಮಲ್‌ನಲ್ಲಿ ಗುಳಿ ಬೀಳುತ್ತದೆ, ಮೇಲಕ್ಕೆ ಹೋದಂತೆ ಪದರವೇ ಕಳಚುತ್ತದೆ. ಅಂಥ ಹಲ್ಲಿಗೆ ತೆಳುವಾದ ವೆನಿಯರ್ ನ್ಯಾಯವಾದ ಚಿಕಿತ್ಸೆ. ತೀರ ಹದಗೆಟ್ಟಿದ್ದರೆ, ಅಥವಾ ರೂಟ್ ಕೆನಾಲ್ ಆಗಿ ಟೊಳ್ಳಾಗಿದ್ದರೆ, ಕ್ಯಾಪ್ ಹಲ್ಲನ್ನು ಉಳಿಸುತ್ತದೆ. ನನ್ನ ತಕರಾರು ಒಂದು ಎರಡರ ಅಂಕದಲ್ಲಿರುವ ಹಲ್ಲಿಗೆ ಎಂಟರ ಚಿಕಿತ್ಸೆ ಮಾಡುವುದರ ಬಗ್ಗೆ. ವಕ್ರ ಹಲ್ಲಿಗೆ ವರ್ಷ ಒಂದೂವರೆ ವರ್ಷ ಕ್ಲಿಪ್ ಹಾಕಿಸುವ ಬದಲು, ಎರಡು ವಾರದಲ್ಲಿ ಕೊರೆದು ಕ್ಯಾಪ್‌ನಿಂದ ನೇರ ಮಾಡಿಕೊಡುವುದೂ ಇದೇ ತಪ್ಪು.

ಈ ತಪ್ಪು ನಮ್ಮಲ್ಲಷ್ಟೇ ಇಲ್ಲ. ಕಡಿಮೆ ಖರ್ಚಿಗೆಂದು ಟರ್ಕಿಗೆ ಹೋಗಿ ಬಾಯ್ತುಂಬ ಕ್ಯಾಪ್ ಹಾಕಿಸಿಕೊಂಡು ಬಂದು, ನೋವಿನಿಂದ ತಮ್ಮೂರಿನ ವೈದ್ಯರ ಬಾಗಿಲು ತಟ್ಟುವ ತರುಣ ತರುಣಿಯರು ಬ್ರಿಟನ್ನಿನಲ್ಲಿ ದೊಡ್ಡ ಸುದ್ದಿಯಾಗಿದ್ದಾರೆ. ಟ್ರೆವರ್ ಬರ್ಕ್ ಮತ್ತು ಮಾರ್ಟಿನ್ ಕೆಲಹರ್ ಎಂಬ ಅಲ್ಲಿನ ದಂತವೈದ್ಯರು 2009ರಲ್ಲಿ ತಮ್ಮ ವೃತ್ತಿಯವರ ಮುಂದೆ ಒಂದು ಪರೀಕ್ಷೆ ಇಟ್ಟರು. ಈ ಹಲ್ಲಿಗೆ ನಾನು ಏನು ಮಾಡಲಿದ್ದೇನೆಂದು ನನಗೆ ಪೂರ್ತಿ ಗೊತ್ತಿದೆ, ನನ್ನ ಸ್ವಂತ ಮಗಳ ಹಲ್ಲಿಗೆ ಇದನ್ನು ಮಾಡುತ್ತಿದ್ದೆನೇ? ಉತ್ತರ ಇಲ್ಲ ಎಂದಾದರೆ ಡ್ರಿಲ್ ಕೆಳಗಿಡಬೇಕು. ನಮ್ಮ ದಂತ ಕಾಲೇಜುಗಳ ಪ್ರತಿ ಕುರ್ಚಿಯ ಪಕ್ಕ ಬರೆಸಿ ಹಾಕಬೇಕಾದ ಮಾತಿದು.

ಹಾಗೆಂದು ಎಲ್ಲ ಹೊರೆಯನ್ನೂ ವೈದ್ಯರ ಮೇಲೆ ಹಾಕಲಾಗದು. ಎಷ್ಟೋ ಸಲ ಬೇಗ ಆಗಲಿ, ಹಾಲಿನಂತೆ ಬೆಳ್ಳಗಾಗಲಿ ಎಂದು ಒತ್ತಾಯಿಸುವವರು ನಾವೇ. ಕೊರೆಯದೆ ಕೂತು ಮಾಡುವ ತಾಳ್ಮೆಯ ಕೆಲಸಕ್ಕೆ ಕ್ಯಾಪ್‌ಗೆ ಕೊಡುವಷ್ಟು ಹಣ ಕೊಡಲು ಹಿಂದೆ ಮುಂದೆ ನೋಡುವವರೂ ನಾವೇ. ಆದರೆ ಕೇಳುವ ಹಕ್ಕು ನಮಗಿದೆ. ಚಿಕಿತ್ಸೆಗೆ ಒಪ್ಪಿಗೆ ಪಡೆಯುವ ಮುನ್ನ ಅದರ ಸ್ವರೂಪ, ಬೇರೆ ದಾರಿಗಳು, ಮುಖ್ಯ ಅಪಾಯಗಳನ್ನು ವೈದ್ಯರು ತಿಳಿಸಲೇಬೇಕು ಎಂದು ಸುಪ್ರೀಂ ಕೋರ್ಟ್ 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದೆ. ಆದ್ದರಿಂದ ಕುರ್ಚಿಯಲ್ಲಿ ಕೂತಾಗ ಸಂಕೋಚ ಬೇಡ. ಎಷ್ಟು ಕೊರೆಯುತ್ತೀರಿ, ಕೊರೆದ ಮೇಲೆ ಉಳಿಯುವ ಹಲ್ಲಿನ ಚಿತ್ರ ತೋರಿಸಿ, ಕೊರೆಯದೆ ಏನೇನು ಮಾಡಿ ನೋಡಬಹುದು, ಇದು ಕೆಟ್ಟರೆ ಮುಂದೇನು ಎಂದು ಕೇಳಿ. ಒಳ್ಳೆಯ ವೈದ್ಯರು ಇಂಥ ಪ್ರಶ್ನೆಗೆ ಬೇಸರಪಡುವುದಿಲ್ಲ.

ಮನೆಯಲ್ಲಿ ಪುಟ್ಟ ಮಗು ಇದ್ದು ಊರಿನ ನೀರಿನಲ್ಲಿ ಫ್ಲೋರೈಡ್ ಇದ್ದರೆ, ಕನಿಷ್ಠ ಏಳೆಂಟು ವರ್ಷದವರೆಗೆ ಅದಕ್ಕೆ ಕುಡಿಯಲೂ ಅಡುಗೆಗೂ ಶುದ್ಧ ನೀರಿನ ಘಟಕದ ನೀರನ್ನೇ ಕೊಡಿ, ಟೂತ್‌ಪೇಸ್ಟ್ ನುಂಗದಂತೆ ನೋಡಿಕೊಳ್ಳಿ. ಮಗುವಿನ ಹಲ್ಲಿಗೆ ನೀವು ಮಾಡಬಹುದಾದ ಅತಿ ದೊಡ್ಡ ಸೌಂದರ್ಯ ಚಿಕಿತ್ಸೆ ಅದು. ಮದುವೆಗೆ ಬಂದ ಮಗಳೋ ಮಗನೋ ಇದ್ದರೆ, ದಿನ ಗೊತ್ತಾಗುವವರೆಗೆ ಕಾಯದೆ ಮೂರು ನಾಲ್ಕು ತಿಂಗಳು ಮೊದಲೇ ದಂತವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಬ್ಲೀಚಿಂಗ್‌ಗೆ ಹಲವು ವಾರ ಬೇಕು, ಅದಾದ ಮೇಲೆ ಹಲ್ಲಿನೊಳಗೆ ಉಳಿದ ಆಮ್ಲಜನಕ ರಾಳ ಗಟ್ಟಿಯಾಗುವುದನ್ನು ತಡೆಯುವುದರಿಂದ ಮುಂದಿನ ಹಂತಕ್ಕೆ ಇನ್ನೆರಡು ವಾರ ಕಾಯಬೇಕು. ಲಗ್ನಪತ್ರಿಕೆ ಅಚ್ಚಾದ ಮೇಲೆ ಹೋದರೆ ಉಳಿಯುವುದು ಕ್ಯಾಪ್ ಒಂದೇ.